ಹಳೆಯ ಲಾರಿಯು ಒಮ್ಮೊಮ್ಮೆ ಚಾಲೂ ಆಗದಿರುವುದು: ಕಾರಣವನ್ನು ಕಂಡುಹಿಡಿಯುವ ಕ್ರಮ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಗಳಲ್ಲಿ ಬೇಸಾಯವನ್ನು ನಡೆಸತಕ್ಕವರಿಗೆ ಲಾರಿಯು ಒಂದಾನೊಂದು ಕಾಲದಲ್ಲಿ ಎತ್ತಿನ ಗಾಡಿಯು ಇದ್ದಷ್ಟೇ ಅವಶ್ಯವಾದ ಸಾಧನವಾಗಿದೆ. ಚಾಮರಾಜನಗರಕ್ಕೆ ರೈಲುದಾರಿಯಾದರೂ ಉಂಟು. ಗುಂಡ್ಲುಪೇಟೆಗೆ ಅದೂ ಇಲ್ಲ. ಅರಿಸಿನದ ಮೂಟೆಗಳು ಎರಡು ದಿವಸ ತಡವಾಗಿ ಪೇಟೆಯನ್ನು ಸೇರಿದರೆ ಹೆಚ್ಚು ನಷ್ಟವಿಲ್ಲ. ಆದರೆ ಟೊಮ್ಯಾಟೊ, ಎಲೆಕೋಸು, ಬೀಟ್‌ರೂಟು, ಬಾಳೆಗೊನೆ, ಓಣಂ ಹಬ್ಬಕ್ಕೆಂದು ಬೆಳೆದ ಚೆಂಡುಹೂ, ಇವುಗಳ ಸಂಗತಿ ಬೇರೆ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಸಂಜೆ ತುಂಬಿದ ಸರಕು ಬೆಳಗಾಗುವುದರೊಳಗೆ ಕೊಳ್ಳುವವರ ಊರಿನಲ್ಲಿರದಿದ್ದರೆ ರೈತನಿಗೆ ಬರುವ ಬೆಲೆ ಅರ್ಧಕ್ಕೆ ಇಳಿಯುವುದನ್ನು ಎಲ್ಲರೂ ಬಲ್ಲರು.

ಇದರ ಮೇಲೆ ಈ ಸೀಮೆಗೆ ಇನ್ನೊಂದು ವಿಶೇಷವಾದ ಕಷ್ಟವಿದೆ. ಇಲ್ಲಿಂದ ಕೇರಳಕ್ಕೂ ತಮಿಳುನಾಡಿಗೂ ಹೋಗುವ ಹೆದ್ದಾರಿಗಳು ಕಾಡನ್ನು ಹಾಯ್ದು ಹೋಗುತ್ತವೆ. ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೂ ಉದಕಮಂಡಲಕ್ಕೂ ಹೋಗುವ ದಾರಿಗಳಲ್ಲಿ ವನ್ಯಮೃಗಗಳ ರಕ್ಷಣೆಗಾಗಿ 2009ರಲ್ಲಿ ರಾತ್ರಿ ಸಂಚಾರವನ್ನು ನಿಷೇಧಿಸಲಾಯಿತು. ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಾಮಾನ್ಯ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದ ದಾರಿಗೂ, ಅಂದರೆ 27 ತಿರುವುಗಳುಳ್ಳ ಆ ದಾರಿಗೂ, 2022ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಿಂದ ರಾತ್ರಿ ನಿರ್ಬಂಧ ಬಂದಿತು. ಆದಕಾರಣ ಸಂಜೆ ಏಳು ಗಂಟೆಗೆ ಚಹಕ್ಕೆಂದು ನಿಲ್ಲಿಸಿದ ಲಾರಿಯು ಮುಕ್ಕಾಲು ಗಂಟೆ ಮೊಂಡು ಹಿಡಿದರೆ, ಗಿಡಾಕಿದಂತೆ ಆ ರಾತ್ರಿಯೆಲ್ಲ ತಪಾಸಣೆ ಕಟ್ಟೆಯ ಈಚೆಗೇ ಉಳಿಯಬೇಕಾಗುತ್ತದೆ. ಲಾರಿಯು ಪೂರಾ ಕೆಟ್ಟಿದ್ದರೆ ಮಾಲೀಕನು ಬೇರೆ ವಾಹನವನ್ನು ಗೊತ್ತುಮಾಡಿಕೊಳ್ಳುತ್ತಾನೆ. ಹತ್ತು ಸಲದಲ್ಲಿ ಒಂಬತ್ತು ಸಲ ಸರಿಯಾಗಿ ಹೊರಟು ಹತ್ತನೆಯ ಸಲ ಹೊರಡದಿರುವ ಲಾರಿಯೇ ಹೆಚ್ಚು ಮೋಸಗೊಳಿಸತಕ್ಕದ್ದು. ಗ್ಯಾರೇಜಿಗೆ ಒಯ್ದಾಗ ಅದು ಒಂದೇ ತಿರುವಿಗೆ ಚಾಲೂ ಆಗುತ್ತದೆ. ಕೆಲಸಗಾರನು ಅಂದಾಜಿನ ಮೇಲೆ ಹೊಸ ಬ್ಯಾಟರಿಯನ್ನು ಹಾಕಿಸುತ್ತಾನೆ. ಎಂಟು ದಿವಸಗಳಲ್ಲಿ ರೋಗವು ಮರಳುತ್ತದೆ. ಇಂಥ ದೋಷದ ಮೂಲವನ್ನು ಕ್ರಮವಾಗಿ ಹುಡುಕುವ ರೀತಿಯನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಲಾರಿಗಳಿಗೆ ಇದು ಅನ್ವಯಿಸುತ್ತದೆ

ಇಲ್ಲಿ ಹೇಳುವುದೆಲ್ಲವೂ ಹಳೆಯ ಮಾದರಿಯ, ಯಾಂತ್ರಿಕ ಡೀಸೆಲ್ ಪಂಪು ಉಳ್ಳ ಲಾರಿಗಳಿಗೆ ಸಂಬಂಧಪಟ್ಟದ್ದು. 1986ರಲ್ಲಿ ಹೊರಬಂದ ಟಾಟಾ 407 ಮತ್ತು ಅದಕ್ಕೂ ಹಿಂದಿನ ದೊಡ್ಡ ಟಾಟಾ, ಅಶೋಕ್ ಲೇಲ್ಯಾಂಡ್ ಲಾರಿಗಳಲ್ಲಿ ಅನೇಕವು ಈ ಜಾತಿಯವು. ಅವುಗಳ ಪಂಪಿನ ಮೇಲೆ ಸಾಮಾನ್ಯವಾಗಿ 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆಯ ಗುರುತು ಇರುತ್ತದೆ. ಗಣಕಯಂತ್ರದ ಅಂಕೆಯಲ್ಲಿ ನಡೆಯುವ ಈಚಿನ ಲಾರಿಗಳಲ್ಲಿ, ಮುಖ್ಯವಾಗಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಪ್ರಕಾರ ತಯಾರಾದವುಗಳಲ್ಲಿ, ಡೀಸೆಲಿನ ಒತ್ತಡವು ಚರ್ಮವನ್ನು ಸೀಳಿ ಮಾಂಸದೊಳಕ್ಕೆ ಹೋಗುವಷ್ಟು ತೀವ್ರವಾಗಿರುವುದರಿಂದ ಅಂಥವುಗಳ ಕೊಳವೆಗಳನ್ನು ರೈತರು ಸ್ವತಃ ಸಡಿಲಿಸಕೂಡದು.

ಮೊದಲು ತಿಳಿಯಬೇಕಾದ ಒಂದು ಭೇದ

"ಲಾರಿ ಸ್ಟಾರ್ಟ್ ಆಗಲಿಲ್ಲ" ಎಂಬ ಮಾತಿನೊಳಗೆ ಎರಡು ಬೇರೆ ಬೇರೆ ರೋಗಗಳು ಅಡಗಿವೆ. ಕೀಲಿಯನ್ನು ತಿರುಗಿಸಿದಾಗ ಇಂಜಿನು ತಿರುಗದೆಯೇ ಇರುವುದು ಒಂದು. ಇಂಜಿನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದೆ ಇರುವುದು ಇನ್ನೊಂದು. ಮೊದಲನೆಯದು ವಿದ್ಯುತ್ತಿನ ಕಡೆಯ ದೋಷ. ಎರಡನೆಯದು ಬಹುತೇಕ ಡೀಸೆಲಿನ ಕಡೆಯದು. ಚಾಲಕನು ಈ ಭೇದವನ್ನು ಗಮನಿಸಿ ಹೇಳಿದರೆ ಅರ್ಧ ಕೆಲಸವು ಮುಗಿದಂತೆಯೇ ಸರಿ. ಹೇಳದಿದ್ದರೆ ಎಷ್ಟು ಜಾಣನಾದ ಮೆಕ್ಯಾನಿಕನೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಎರಡರ ನಡುವೆ ಇನ್ನೂ ಒಂದು ಸ್ಥಿತಿಯುಂಟು: ಇಂಜಿನು ತಿರುಗುತ್ತದೆ, ಆದರೆ ಏದುಸಿರು ಬಿಡುವವನಂತೆ ನಿಧಾನವಾಗಿ ತಿರುಗುತ್ತದೆ. ಡೀಸೆಲ್ ಇಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಹದಿನೇಳು ಪಾಲಿನಿಂದ ಒಂದು ಪಾಲಿನಷ್ಟು ಜಾಗಕ್ಕೆ ಅದುಮಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳತಕ್ಕದ್ದು. ನಿಧಾನವಾಗಿ ತಿರುಗಿದರೆ ಅದುಮಿದ ಗಾಳಿಯು ಸಂದುಗಳಿಂದ ಜಾರಿಹೋಗಿ, ಹುಟ್ಟಿದ ಕಾವನ್ನು ತಣ್ಣನೆಯ ಲೋಹವು ಹೀರಿಕೊಂಡು, ಎಣ್ಣೆಯು ಹೊತ್ತುವುದಿಲ್ಲ. ಆಗ ಡೀಸೆಲಿನ ದೋಷವೆಂದು ಭ್ರಮೆಯಾಗುತ್ತದೆ. ನಿಜವಾದ ದೋಷವು ಬ್ಯಾಟರಿಯಲ್ಲಿಯೋ ತಂತಿಯಲ್ಲಿಯೋ ಇರುತ್ತದೆ. ಮಾಘ ಮಾಸದ ಚಳಿಯ ಮುಂಜಾನೆಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಹೀಗೆ ನಿಧಾನವಾಗಿ ತಿರುಗುವ ಇಂಜಿನನ್ನು ತಿರುಗದ ಇಂಜಿನಿನ ಗುಂಪಿಗೇ ಸೇರಿಸತಕ್ಕದ್ದು.

ಇಂಜಿನು ತಿರುಗದಿದ್ದರೆ

ದೋಷವು ಕಾಣಿಸಿಕೊಂಡ ಕ್ಷಣದಲ್ಲಿಯೇ ಮುಂದಿನ ದೀಪಗಳನ್ನು ಹಚ್ಚಿ, ಒಬ್ಬನು ಲಾರಿಯ ಪಕ್ಕಕ್ಕೆ ಸರಿದು ನಿಂತು ನೋಡುತ್ತಿರುವಾಗ ಇನ್ನೊಬ್ಬನು ಕೀಲಿಯನ್ನು ತಿರುಗಿಸಲಿ. ಗೇರು ತಟಸ್ಥವಾಗಿರಬೇಕು, ಗಾಲಿಗಳಿಗೆ ಕಲ್ಲು ಕೊಟ್ಟಿರಬೇಕು. ಈ ಒಂದು ಪರೀಕ್ಷೆಗೆ ಕಾಸಿನ ಖರ್ಚಿಲ್ಲ, ಆದರೂ ಇದನ್ನು ಮಾಡುವವರು ಕಡಿಮೆ.

ದೀಪವು ಸ್ವಲ್ಪವೂ ಮಂಕಾಗದೆ, ಯಾವ ಸದ್ದೂ ಕೇಳಿಸದಿದ್ದರೆ, ಸ್ಟಾರ್ಟರಿಗೆ ಅಪ್ಪಣೆಯೇ ತಲುಪಿಲ್ಲವೆಂದರ್ಥ. ಕೀಲಿಯ ಸ್ವಿಚ್ಚು ಸವೆದಿರಬಹುದು, ಅಥವಾ ಸ್ವಿಚ್ಚಿನಿಂದ ಸ್ಟಾರ್ಟರಿನ ತಲೆಯ ಮೇಲಿರುವ ಸೊಲೆನಾಯ್ಡಿಗೆ ಬರುವ ಸಣ್ಣ ತಂತಿಯು ಕಡಿದಿರಬಹುದು. ದವಸದ ಉಗ್ರಾಣದ ಪಕ್ಕದಲ್ಲಿ ನಿಲ್ಲಿಸುವ ಲಾರಿಗಳಲ್ಲಿ ಈ ತಂತಿಯನ್ನು ಇಲಿಗಳು ಕಡಿಯುವುದು ಸಾಮಾನ್ಯ. ಒಳಗಿನ ಎಳೆಗಳಲ್ಲಿ ಎರಡು ಮೂರು ಮಾತ್ರ ಉಳಿದು, ಲಾರಿಯು ಕುಲುಕಿದ ಹಾಗೆಲ್ಲ ಕೂಡುತ್ತ ಅಗಲುತ್ತ ಇರುತ್ತವೆ.

ದೀಪವು ಮಂಕಾಗದೆ "ಟಕ್" ಎಂಬ ಒಂದೇ ಸದ್ದು ಕೇಳಿಸಿದರೆ, ಅಪ್ಪಣೆಯು ಬಂದಿದೆ, ಸೊಲೆನಾಯ್ಡು ಎದ್ದಿದೆ, ಆದರೆ ಅದರೊಳಗಿನ ತಾಮ್ರದ ಬಿಲ್ಲೆಯು ಸುಟ್ಟು ಕುಳಿಬಿದ್ದು ವಿದ್ಯುತ್ತನ್ನು ದಾಟಿಸುತ್ತಿಲ್ಲ. ಕೊಳವೆಬಾವಿಯ ಪಂಪುಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕಾಂಟ್ಯಾಕ್ಟು ಸುಡುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾದ್ದಿಲ್ಲ. ಬಿಲ್ಲೆಯು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ತಿರುಗಿ ಕೂರುವುದರಿಂದ ಒಳ್ಳೆಯ ಜಾಗಕ್ಕೆ ಬಂದಾಗ ಕೆಲಸ ಮಾಡುತ್ತದೆ, ಸುಟ್ಟ ಜಾಗಕ್ಕೆ ಬಂದಾಗ ಮಾಡುವುದಿಲ್ಲ. ದೋಷವು ಬಿಟ್ಟು ಬಿಟ್ಟು ಬರುವುದಕ್ಕೆ ಇದೇ ಕಾರಣ. ಇದೇ ಸ್ಥಿತಿಯಲ್ಲಿ ಸ್ಟಾರ್ಟರಿನ ಮೈಗೆ ಮರದ ತುಂಡಿನಿಂದ ಮೆಲ್ಲನೆ ತಟ್ಟಿದಾಗ ಇಂಜಿನು ತಿರುಗಿದರೆ, ಸವೆದಿರುವುದು ಅದರ ಒಳಗಿನ ಕಾರ್ಬನ್ ಬ್ರಷ್ಷುಗಳೆಂದು ಊಹಿಸಬಹುದು. ತಟ್ಟುವುದು ರೋಗವನ್ನು ತಿಳಿಯುವ ಉಪಾಯವೇ ಹೊರತು ಚಿಕಿತ್ಸೆಯಲ್ಲ. ತಿಂಗಳುಗಟ್ಟಲೆ ತಟ್ಟಿಕೊಂಡೇ ಓಡಿಸುವ ಚಾಲಕರು ಇದ್ದಾರೆ. ಬ್ರಷ್ಷಿನ ಬೆಲೆಯು ಒಂದು ಮಂಕರಿ ಟೊಮ್ಯಾಟೊವಿನ ಬೆಲೆಯಷ್ಟೂ ಇಲ್ಲ.

ದೀಪವು ಪೂರಾ ಮಂಕಾಗಿ "ಟಿಕ್ ಟಿಕ್ ಟಿಕ್" ಎಂಬ ಸದ್ದು ಬಂದರೆ, ಅಥವಾ ಇಂಜಿನು ಏದುಸಿರು ಬಿಟ್ಟು ನಿಂತರೆ, ಬ್ಯಾಟರಿಯಲ್ಲಿ ಶಕ್ತಿಯಿಲ್ಲ, ಇಲ್ಲವೆ ಶಕ್ತಿಯು ಬರುವ ದಾರಿಯಲ್ಲಿ ತಡೆಯಿದೆ. ಇವೆರಡನ್ನು ಬಿಡಿಸಿ ನೋಡದೆ ಹೊಸ ಬ್ಯಾಟರಿಯನ್ನು ಕೊಳ್ಳುವುದೇ ಈ ಸೀಮೆಯಲ್ಲಿ ಲಾರಿಗಳಿಗೆ ಆಗುತ್ತಿರುವ ದೊಡ್ಡ ದಂಡವೆಂದು ಹೇಳಬೇಕು.

ತಡೆಯ ಸ್ವರೂಪವನ್ನು ಸ್ವಲ್ಪ ವಿಸ್ತಾರವಾಗಿ ತಿಳಿಯುವುದು ಒಳ್ಳೆಯದು. ಹೂಳು ತುಂಬಿದ ತೂಬಿನಲ್ಲಿ ಕುಡಿಯುವ ನೀರಿಗೆ ಸಾಕಾಗುವ ಎಳೆ ಹರಿಯುತ್ತದೆ. ಗದ್ದೆಗೆ ಬೇಕಾದ ನೀರು ಹರಿಯುವುದಿಲ್ಲ. ಅದರಂತೆಯೇ ಬಿಳಿಯ ಹಾಗೂ ಹಸಿರು ಬಣ್ಣದ ಹಿಟ್ಟಿನಂಥ ಕಿಲುಬು ಹಿಡಿದ ಬ್ಯಾಟರಿಯ ಬಿಗಿಯು ದೀಪಕ್ಕೆ ಸಾಕಾಗುವ 5 ಆಂಪಿಯರನ್ನು ಬಿಡುತ್ತದೆ, ಸ್ಟಾರ್ಟರಿಗೆ ಬೇಕಾದ 200 ಆಂಪಿಯರನ್ನು ಬಿಡುವುದಿಲ್ಲ. ಆ ಜಾಗದಲ್ಲಿ ಒಂದು ಓಮಿನ ಐವತ್ತನೆಯ ಒಂದು ಭಾಗದಷ್ಟು ತಡೆಯಿದ್ದರೂ ದೀಪವು ಉರಿಯುವಾಗ ನಷ್ಟವಾಗುವುದು ವೋಲ್ಟಿನ ಹತ್ತನೆಯ ಒಂದು ಭಾಗ ಮಾತ್ರ. ಸ್ಟಾರ್ಟರು ಎಳೆಯುವಾಗ ನಷ್ಟವಾಗುವುದು 4 ವೋಲ್ಟು. ಹನ್ನೆರಡು ವೋಲ್ಟಿನ ಲಾರಿಯಲ್ಲಿ ನಾಲ್ಕು ಹೋದರೆ ಉಳಿಯುವುದೇನು? "ದೀಪ ಚೆನ್ನಾಗಿ ಉರಿಯುತ್ತದೆ, ಆದಕಾರಣ ಬಿಗಿಗಳೆಲ್ಲ ಸರಿಯಾಗಿವೆ" ಎಂಬ ವಾದವು ಎಷ್ಟು ನಂಬಲರ್ಹವಲ್ಲವೆಂಬುದು ಇದರಿಂದ ಗೊತ್ತಾಗುತ್ತದೆ.

ಈ ನಷ್ಟವನ್ನು ಅಳೆಯಲು ಒಂದು ಸಾಧಾರಣ ಮಲ್ಟಿಮೀಟರು ಸಾಕು. ಪ್ರತಿ ಊರಿನಲ್ಲಿಯೂ ಪಂಪುಸೆಟ್ಟು ರಿಪೇರಿ ಮಾಡುವವನ ಬಳಿ ಇದು ಇದ್ದೇ ಇರುತ್ತದೆ. ರಾತ್ರಿಯೆಲ್ಲ ಸುಮ್ಮನಿದ್ದ ಒಳ್ಳೆಯ ಬ್ಯಾಟರಿಯು 12.6 ವೋಲ್ಟನ್ನು ತೋರಿಸಬೇಕು. ಎರಡು ಬ್ಯಾಟರಿಗಳನ್ನು ಒಂದರ ಹಿಂದೊಂದು ಜೋಡಿಸಿದ 24 ವೋಲ್ಟಿನ ದೊಡ್ಡ ಲಾರಿಯಲ್ಲಿ 25.2 ಇರಬೇಕು; ಎರಡನ್ನೂ ಬೇರೆ ಬೇರೆಯಾಗಿ ಅಳೆದಾಗ ಒಂದು ಮಾತ್ರ ಕಡಿಮೆಯಿದ್ದರೆ ಆ ಒಂದೇ ದೋಷಿ. ಡೀಸೆಲನ್ನು ನಿಲ್ಲಿಸುವ ಸ್ಟಾಪ್ ಗುಂಡಿಯನ್ನು ಎಳೆದು ಹಿಡಿದು ಹತ್ತು ಸೆಕೆಂಡು ಇಂಜಿನನ್ನು ತಿರುಗಿಸುವಾಗ 12 ವೋಲ್ಟಿನ ಬ್ಯಾಟರಿಯು 9.6ಕ್ಕಿಂತ ಕೆಳಗೆ ಇಳಿಯಕೂಡದು. ಇಳಿದರೆ ಮೊದಲು ಅದನ್ನು ಚಾರ್ಜು ಮಾಡಿಸಿ ಮತ್ತೆ ನೋಡತಕ್ಕದ್ದು. ಮುಚ್ಚಳ ತೆಗೆಯುವ ಜಾತಿಯ ಬ್ಯಾಟರಿಯಾದರೆ ಹೈಡ್ರಾಮೀಟರಿನಿಂದ ಪ್ರತಿ ಕೋಶದ ದ್ರಾವಣವನ್ನೂ ಅಳೆಯಬೇಕು: 1.250ಕ್ಕೆ ಮೇಲಿದ್ದರೆ ಒಳ್ಳೆಯದು, 1.200ಕ್ಕೆ ಕೆಳಗಿದ್ದರೆ ಚಾರ್ಜು ಬೇಕು, ಐದು ಕೋಶಗಳು ಸರಿಯಿದ್ದು ಒಂದು ಮಾತ್ರ 0.050ಕ್ಕಿಂತ ಹೆಚ್ಚು ಕೆಳಗಿದ್ದರೆ ಬ್ಯಾಟರಿಯ ಆಯುಸ್ಸು ಮುಗಿದಿದೆ.

ಬ್ಯಾಟರಿಯು ಸರಿಯಾಗಿದೆಯೆಂದು ನಿರ್ಧಾರವಾದ ಮೇಲೆ ದಾರಿಯನ್ನು ಪರೀಕ್ಷಿಸಬೇಕು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನ ಕಂಬದ ಸೀಸದ ಮೇಲೆಯೇ, ಬಿಗಿಯ ಮೇಲೆ ಅಲ್ಲ, ಇಟ್ಟು ಇನ್ನೊಂದನ್ನು ಸ್ಟಾರ್ಟರಿನ ದಪ್ಪ ತಂತಿಯ ಬೋಲ್ಟಿನ ಮೇಲೆ ಇಟ್ಟು ಇಂಜಿನನ್ನು ತಿರುಗಿಸಿದಾಗ ಮೀಟರು ಅರ್ಧ ವೋಲ್ಟಿಗಿಂತ ಹೆಚ್ಚನ್ನು ತೋರಿಸಿದರೆ ಆ ನಡುವೆ ತಡೆಯಿದೆ. ಬಳಿಕ ಋಣ ಕಂಬದ ಸೀಸಕ್ಕೂ ಸ್ಟಾರ್ಟರಿನ ಮೈಗೂ ನಡುವೆ ಅಳೆಯಬೇಕು, ಇಲ್ಲಿ 0.3 ವೋಲ್ಟಿಗಿಂತ ಹೆಚ್ಚು ಇರಕೂಡದು. 24 ವೋಲ್ಟಿನ ಲಾರಿಯಲ್ಲಿ ಇದರ ಇಮ್ಮಡಿಯವರೆಗೆ ಸಹಿಸಬಹುದು. ಈ ಎರಡನೆಯ ಅಳತೆಯನ್ನು ಬಹಳ ಮಂದಿ ಮರೆಯುತ್ತಾರೆ. ವಿದ್ಯುತ್ತು ಹೋದ ಮೇಲೆ ಹಿಂದಿರುಗಿ ಬರಲೇಬೇಕು. ಅದು ಬರುವುದು ಇಂಜಿನಿನಿಂದ ಚಾಸಿಸಿಗೆ ಹೊಂದಿಸಿರುವ ಹೆಣೆದ ತಾಮ್ರದ ಪಟ್ಟಿಯ ಮೂಲಕ. ಹಳೆಯ ಲಾರಿಯಲ್ಲಿ ಆ ಪಟ್ಟಿಯು ಕೆಸರು, ಎಣ್ಣೆ, ತುಕ್ಕುಗಳಲ್ಲಿ ಹೂತು ಕಣ್ಣಿಗೇ ಕಾಣುವುದಿಲ್ಲ. ಕಲ್ಲುಕ್ವಾರಿಗಳ ದಾರಿಯಲ್ಲಿ ಓಡಾಡುವ ಲಾರಿಗಳಲ್ಲಂತೂ ಅದರ ಎಳೆಗಳು ಅಲುಗಾಟಕ್ಕೆ ಒಂದೊಂದಾಗಿ ಹರಿದಿರುತ್ತವೆ. ಬೋಲ್ಟನ್ನು ಬಿಚ್ಚಿ, ಚಾಸಿಸಿನ ಬಣ್ಣವನ್ನೂ ತುಕ್ಕನ್ನೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಪಟ್ಟಿಯನ್ನು ಹೊಸದಾಗಿ ಬಿಗಿದು ಗ್ರೀಸು ಸವರಿದರೆ ಎಷ್ಟೋ "ಕೆಟ್ಟ ಬ್ಯಾಟರಿಗಳು" ಗುಣವಾಗುತ್ತವೆ. ಹಳೆಯ ಲಾರಿಯನ್ನು ಕೊಂಡವರು ದೋಷವು ಬರುವುದಕ್ಕೆ ಮುಂಚೆಯೇ ಈ ಒಂದು ಕೆಲಸವನ್ನು ಮಾಡಿಸಿಕೊಳ್ಳುವುದು ಲೇಸು.

ಬಿಗಿಗಳು ಸರಿಯಾಗಿದ್ದು ಬೆಳಗಿನಲ್ಲಿ ಮಾತ್ರ ಬ್ಯಾಟರಿಯು ಇಳಿದಿರುವುದಾದರೆ ರಾತ್ರಿಯಲ್ಲಿ ಯಾವುದೋ ಕಳ್ಳದಾರಿಯಿಂದ ವಿದ್ಯುತ್ತು ಸೋರುತ್ತಿದೆ. ಋಣ ಬಿಗಿಯನ್ನು ಬಿಚ್ಚಿ, ಬಿಗಿಗೂ ಕಂಬಕ್ಕೂ ನಡುವೆ ಲಾರಿಯ ವೋಲ್ಟಿಗೆ ತಕ್ಕ ಸಣ್ಣ ಬಲ್ಬನ್ನು ಹಿಡಿದರೆ, ಎಲ್ಲ ಸ್ವಿಚ್ಚುಗಳು ಆರಿದ್ದರೂ ಬಲ್ಬು ಉರಿಯುವುದಾದರೆ ಸೋರಿಕೆಯುಂಟು. ಅಲಂಕಾರದ ದೀಪಗಳಿಗೂ ಹಾಡಿನ ಪೆಟ್ಟಿಗೆಗೂ ಜಾತ್ರೆಯ ಸಮಯದಲ್ಲಿ ಅವಸರವಾಗಿ ಎಳೆದ ತಂತಿಗಳನ್ನೇ ಮೊದಲು ಸಂಶಯಿಸಬೇಕು.

ಒಂದೇ ಜಾಗದಲ್ಲಿ ನಿಲ್ಲುವ ಇಂಜಿನು

ಸ್ಟಾರ್ಟರು "ಝರ್" ಎಂದು ಬರಿದೇ ತಿರುಗಿ ಇಂಜಿನು ಅಲುಗದೆ ಇರುವುದುಂಟು. ಸ್ಟಾರ್ಟರಿನ ಸಣ್ಣ ಹಲ್ಲಿನ ಗಾಲಿಯು ಇಂಜಿನಿನ ದೊಡ್ಡ ಹಲ್ಲಿನ ಬಳೆಯನ್ನು ಕಚ್ಚಿದಾಗಲೇ ಇಂಜಿನು ತಿರುಗತಕ್ಕದ್ದು. ಇಂಜಿನು ಆರಿದಾಗ ಅದು ಮನಬಂದಲ್ಲಿ ನಿಲ್ಲುವುದಿಲ್ಲ. ಒಳಗಿನ ಗಾಳಿಯ ಒತ್ತಡಕ್ಕೆ ಸಿಕ್ಕಿ ನಾಲ್ಕು ಸಿಲಿಂಡರಿನದು ಎದುರುಬದುರಾದ ಎರಡು ಜಾಗಗಳಲ್ಲಿಯೂ, ಆರು ಸಿಲಿಂಡರಿನದು ಮೂರು ಜಾಗಗಳಲ್ಲಿಯೂ ನಿಲ್ಲುತ್ತದೆ. ಆದಕಾರಣ ಬಳೆಯ ಹಲ್ಲುಗಳು ಆ ಎರಡು ಮೂರು ಜಾಗಗಳಲ್ಲಿ ಮಾತ್ರ ಸವೆಯುತ್ತವೆ. ಲಾರಿಯು ಎಂದಾದರೊಮ್ಮೆ ಬೇರೆ ಜಾಗದಲ್ಲಿ ನಿಂತಾಗ ಸುಲಭವಾಗಿ ಚಾಲೂ ಆಗುತ್ತದೆ. ಇದನ್ನು ನಿಶ್ಚಯಿಸಲು ಇಂಜಿನಿನ ಮುಂದಿನ ರಾಟೆಯ ಮೇಲೂ ಅದರ ಎದುರಿನ ಸ್ಥಿರವಾದ ಭಾಗದ ಮೇಲೂ ಸುಣ್ಣದಕಡ್ಡಿಯಿಂದ ಗೆರೆ ಎಳೆದಿಟ್ಟು, ದೋಷವು ಬಂದಾಗಲೆಲ್ಲ ಗೆರೆಯು ಎಲ್ಲಿದೆಯೆಂದು ನೋಡಬೇಕು. ಪ್ರತಿಸಲವೂ ಅಲ್ಲಲ್ಲಿಯೇ ನಿಂತಿದ್ದರೆ ಬಳೆಯು ಸವೆದಿದೆ. ತತ್ಕಾಲಕ್ಕೆ, ಕೀಲಿಯನ್ನು ತೆಗೆದು, ಸಮನಾದ ನೆಲದಲ್ಲಿ ಮೇಲಿನ ಗೇರಿನಲ್ಲಿಟ್ಟು ಲಾರಿಯನ್ನು ಒಂದು ಗೇಣು ನೂಕಿ, ಗೇರನ್ನು ಬಿಡಿಸಿ ಮತ್ತೆ ಪ್ರಯತ್ನಿಸಬಹುದು.

ಇಂಜಿನು ತಿರುಗಿಯೂ ಹೊತ್ತಿಕೊಳ್ಳದಿದ್ದರೆ

ಇಂಜಿನನ್ನು ತಿರುಗಿಸುವಾಗ ಹೊಗೆಯ ಕೊಳವೆಯನ್ನು ನೋಡಬೇಕು. ಬಿಳಿಯ ಅಥವಾ ಬೂದಿಬಣ್ಣದ ಹೊಗೆ ಬರುತ್ತಿದ್ದರೆ ಡೀಸೆಲು ಒಳಕ್ಕೆ ಹೋಗುತ್ತಿದೆ. ಏನೂ ಬರದಿದ್ದರೆ ಹೋಗುತ್ತಿಲ್ಲ. ಬಿಟ್ಟುಬಿಟ್ಟು ಬರುವ ದೋಷಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು.

ಎಲ್ಲಕ್ಕಿಂತ ಮೊದಲು ಪಂಪಿನ ಪಕ್ಕದಲ್ಲಿರುವ ಸ್ಟಾಪ್ ಕೈಯನ್ನು ನೋಡತಕ್ಕದ್ದು. ಚಾಲಕನು ಇಂಜಿನನ್ನು ಆರಿಸಲು ಎಳೆಯುವ ಗುಂಡಿಯ ತಂತಿಯು ಧೂಳು ಹಿಡಿದು ಬಿಗಿಯಾಗಿ, ಗುಂಡಿಯನ್ನು ಒಳಕ್ಕೆ ತಳ್ಳಿದರೂ ಆ ಕೈ ಪೂರ್ತಿಯಾಗಿ ಹಿಂದಕ್ಕೆ ಬಾರದಿರುವುದುಂಟು. ಆಗ ಡೀಸೆಲಿನ ಬಾಗಿಲು ಮುಚ್ಚಿದಂತೆಯೇ. ಕೈಯಿಂದ ಅದನ್ನು ತಳ್ಳಿ ನೋಡಿದರೆ ಸಾಕು. ಕೆಲವು ಲಾರಿಗಳಲ್ಲಿ ಈ ಕೆಲಸವನ್ನು ವಿದ್ಯುತ್ತಿನ ಕವಾಟವು ಮಾಡುತ್ತದೆ. ಕೀಲಿಯನ್ನು ತಿರುಗಿಸಿದಾಗ ಪಂಪಿನ ಬಳಿ ಸಣ್ಣ "ಟಿಕ್" ಸದ್ದು ಕೇಳಿಸದಿದ್ದರೆ ಅದರ ತಂತಿಯನ್ನು ಪರೀಕ್ಷಿಸಬೇಕು.

ಇದು ಸರಿಯಾಗಿದ್ದರೆ ಸಂಶಯವು ಗಾಳಿಯ ಮೇಲೆ ಹೋಗಬೇಕು. ಬಾವಿಗೆ ಪಂಪುಸೆಟ್ಟು ಇಟ್ಟವರಿಗೆ ಇದರ ಮರ್ಮವು ಕೂಡಲೆ ತಿಳಿಯುತ್ತದೆ. ಫುಟ್‌ವಾಲ್ವು ಸೋರಿದರೆ ರಾತ್ರಿಯಲ್ಲಿ ಕೊಳವೆಯ ನೀರೆಲ್ಲ ಬಾವಿಗೆ ಇಳಿದು, ಬೆಳಿಗ್ಗೆ ಮತ್ತೆ ನೀರು ತುಂಬಿಸುವವರೆಗೆ ಪಂಪು ಬರಿದೇ ತಿರುಗುತ್ತದೆ. ಲಾರಿಯಲ್ಲಿಯೂ ಡೀಸೆಲಿನ ಟ್ಯಾಂಕು ತಗ್ಗಿನಲ್ಲಿದ್ದು, ಫೀಡ್ ಪಂಪು ಅದನ್ನು ಮೇಲಕ್ಕೆ ಹೀರುತ್ತದೆ. ಹೀರುವ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಸೇರುವೆಯ ತಾಮ್ರದ ವಾಷರು ಸವೆದಿದ್ದರೂ, ಫೀಡ್ ಪಂಪಿನ ಕವಾಟದಲ್ಲಿ ಕಸ ಕೂತಿದ್ದರೂ, ಲಾರಿಯು ನಿಂತಿರುವಾಗ ಡೀಸೆಲು ಟ್ಯಾಂಕಿಗೆ ಇಳಿದು ಅದರ ಜಾಗವನ್ನು ಗಾಳಿಯು ಹಿಡಿಯುತ್ತದೆ. ಹತ್ತು ನಿಮಿಷ ನಿಂತ ಲಾರಿಯು ಹೊರಡುತ್ತದೆ. ಇಡೀ ರಾತ್ರಿ ನಿಂತದ್ದು ಹೊರಡುವುದಿಲ್ಲ. ಈ ಬಿರುಕು ಹೊರಕ್ಕೆ ಡೀಸೆಲನ್ನು ತೊಟ್ಟಿಕ್ಕಿಸದೆ ಇರುವುದೇ ಇದರ ಕಪಟ. ಓಡುತ್ತಿರುವಾಗ ಅದು ಹೊರಗಿನ ಗಾಳಿಯನ್ನು ಒಳಕ್ಕೆ ಹೀರುತ್ತದೆಯೇ ಹೊರತು ಒಳಗಿನ ಎಣ್ಣೆಯನ್ನು ಹೊರಕ್ಕೆ ಬಿಡುವುದಿಲ್ಲ.

ಫೀಡ್ ಪಂಪಿನ ಮೇಲೆ ಕೈಯಿಂದ ಒತ್ತುವ ಸಣ್ಣ ಪಂಪು ಇರುತ್ತದೆ. ಲಾರಿಯು ಹೊರಡದಿದ್ದ ಬೆಳಿಗ್ಗೆ ಅದನ್ನು ಹದಿನೈದು ಇಪ್ಪತ್ತು ಸಲ ಒತ್ತಿದ ಮೇಲೆ ಒಂದೇ ತಿರುವಿಗೆ ಇಂಜಿನು ಹೊತ್ತಿಕೊಂಡರೆ ದೋಷವು ಗಾಳಿಯದೇ. ಬಳಿಕ ಫಿಲ್ಟರಿನ ಮೇಲಿನ ತಿರುಪನ್ನು ಎರಡು ಸುತ್ತು ಸಡಿಲಿಸಿ, ನೊರೆಯೂ ಗುಳ್ಳೆಯೂ ನಿಂತು ಶುದ್ಧವಾದ ಡೀಸೆಲು ಬರುವವರೆಗೆ ಒತ್ತಿ, ಒತ್ತುತ್ತಿರುವಾಗಲೇ ತಿರುಪನ್ನು ಬಿಗಿಯಬೇಕು. ಅನಂತರ ದೊಡ್ಡ ಪಂಪಿನ ತಿರುಪಿನಲ್ಲಿಯೂ ಹಾಗೆಯೇ ಮಾಡಬೇಕು. ಇದರಿಂದ ಲಾರಿಯು ಹೊರಡುತ್ತದೆ, ಆದರೆ ಗಾಳಿಯು ಬರುವ ದಾರಿಯು ಇದ್ದೇ ಇರುತ್ತದೆ. ಆ ದಾರಿಯನ್ನು ಹಿಡಿಯಲು ಫೀಡ್ ಪಂಪಿನ ಬಾಯಿಗೆ ಹೊಸ ರಬ್ಬರು ಕೊಳವೆಯನ್ನು ಬಿಗಿದು ಅದರ ಇನ್ನೊಂದು ತುದಿಯನ್ನು ಭದ್ರವಾಗಿ ಕಟ್ಟಿದ ಒಂದು ಶುಚಿಯಾದ ಡೀಸೆಲ್ ಕ್ಯಾನಿನಲ್ಲಿ ಇಳಿಬಿಟ್ಟು, ಲಾರಿಯನ್ನು ಹಟ್ಟಿಯಲ್ಲಿಯೇ ಅರ್ಧ ಗಂಟೆ ನಡೆಸಿ ರಾತ್ರಿ ಹಾಗೆಯೇ ನಿಲ್ಲಿಸಬೇಕು. ಎರಡು ಮೂರು ಬೆಳಿಗ್ಗೆ ತೊಂದರೆಯಿಲ್ಲದೆ ಹೊರಟರೆ, ಬಿರುಕು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದೆ. ಆಗಲೂ ತೊಂದರೆಯಿದ್ದರೆ ಫೀಡ್ ಪಂಪು, ಫಿಲ್ಟರು, ಅವುಗಳ ಮುಂದಿನ ಸೇರುವೆಗಳನ್ನು ನೋಡಬೇಕು.

ಇನ್ನೂ ಸೂಕ್ಷ್ಮವಾದ ಒಂದು ದೋಷವಿದೆ. ಟ್ಯಾಂಕಿನ ಒಳಗೆ ಇಳಿಬಿಟ್ಟಿರುವ ಹೀರುಕೊಳವೆಯೇ ತುಕ್ಕಿನಿಂದ ಮಧ್ಯದಲ್ಲಿ ತೂತಾಗಿರುವುದುಂಟು. ಟ್ಯಾಂಕು ತುಂಬಿರುವಾಗ ತೂತು ಡೀಸೆಲಿನಲ್ಲಿ ಮುಳುಗಿರುತ್ತದೆ, ಲಾರಿಯು ಚೆನ್ನಾಗಿರುತ್ತದೆ. ಅರ್ಧಕ್ಕಿಂತ ಇಳಿದ ಕೂಡಲೆ ಅದು ಗಾಳಿಯನ್ನು ಹೀರುತ್ತದೆ. ಗ್ಯಾರೇಜಿಗೆ ಹೋಗುವ ದಾರಿಯಲ್ಲಿ ಮಾಲೀಕನು ಡೀಸೆಲು ತುಂಬಿಸಿಕೊಳ್ಳುತ್ತಾನೆ. ಅಲ್ಲಿ ರೋಗವು ಮಾಯ. ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ಕಂಡಿಯು ಮಣ್ಣಿನಿಂದ ಮುಚ್ಚಿದ್ದರೆ ಇದಕ್ಕೆ ಬೇರೆ ರೀತಿಯ ತೊಂದರೆ: ಒಂದೆರಡು ಗಂಟೆ ಓಡಿದ ಮೇಲೆ ಟ್ಯಾಂಕಿನೊಳಗೆ ಶೂನ್ಯವುಂಟಾಗಿ ಡೀಸೆಲು ಮೇಲಕ್ಕೆ ಬರಲಾರದೆ ಇಂಜಿನು ಆರುತ್ತದೆ. ಮುಚ್ಚಳ ತೆಗೆದಾಗ "ಸುಯ್" ಎಂದು ಗಾಳಿಯು ಒಳಕ್ಕೆ ನುಗ್ಗಿದರೆ ಕಾರಣವು ಸಿಕ್ಕಿತು.

ಓಡಿ ಬಿಸಿಯಾದಾಗ ಮಾತ್ರ ಹೊರಡದೆ, ಅರ್ಧ ಗಂಟೆ ಆರಿದ ಮೇಲೆ ಹೊರಡುವ ಲಾರಿಯಲ್ಲಿ ಪಂಪಿನ ಒಳಭಾಗವು ಸವೆದಿರಬಹುದು. ಬಿಸಿಯಾದ ಡೀಸೆಲು ತೆಳುವಾಗಿ ಸವೆದ ಸಂದುಗಳಲ್ಲಿ ಜಾರಿಹೋಗುತ್ತದೆ. ಉರುಟಾದ ವಿತರಕ ಪಂಪುಗಳಲ್ಲಿ ಇದು ಹೆಚ್ಚು. ಪಂಪಿನ ಮೇಲೆ ಒದ್ದೆಬಟ್ಟೆಯನ್ನು ಹತ್ತು ನಿಮಿಷ ಹೊದಿಸಿದ ಮೇಲೆ ಹೊರಟರೆ ಸಂಶಯವು ದೃಢವಾಗುತ್ತದೆ. ತಣ್ಣೀರನ್ನು ಸುರಿಯಕೂಡದು, ಲೋಹವು ಥಟ್ಟನೆ ಕುಗ್ಗಿ ಪಂಪು ಹಿಡಿದುಕೊಳ್ಳುತ್ತದೆ. ಈ ಪಂಪನ್ನು ಬಿಚ್ಚುವುದು ಪರೀಕ್ಷಾಯಂತ್ರವುಳ್ಳ ಪಂಪಿನಂಗಡಿಯ ಕೆಲಸ, ಊರಿನ ಗ್ಯಾರೇಜಿನದಲ್ಲ.

ಬರೆದಿಡತಕ್ಕ ಸಂಗತಿಗಳು

ಬಿಟ್ಟುಬಿಟ್ಟು ಬರುವ ಜ್ವರಕ್ಕೆ ವೈದ್ಯನು ಮೊದಲು ಕೇಳುವುದು ಎಂದು ಬಂತು, ಎಷ್ಟು ಹೊತ್ತು ಇತ್ತು ಎಂಬುದನ್ನು. ಲಾರಿಗೂ ಅದೇ ನ್ಯಾಯ. ಚಾಲಕನ ಬಳಿ ಒಂದು ಸಣ್ಣ ಪುಸ್ತಕವಿಟ್ಟು, ದೋಷವು ಬಂದಾಗಲೆಲ್ಲ ದಿನಾಂಕ, ವೇಳೆ, ಇಂಜಿನು ಬಿಸಿಯೋ ತಣ್ಣಗೋ, ಎಷ್ಟು ಹೊತ್ತಿನಿಂದ ನಿಂತಿತ್ತು, ತಿರುಗಿತೋ ಇಲ್ಲವೋ, ಯಾವ ಸದ್ದು, ಟ್ಯಾಂಕಿನಲ್ಲಿ ಎಷ್ಟು ಡೀಸೆಲು, ಮಳೆಯೋ ಬಿಸಿಲೋ, ಏನು ಮಾಡಿದ ಮೇಲೆ ಹೊರಟಿತು, ಇಷ್ಟನ್ನು ಬರೆಸಬೇಕು.

ತೆರಕಣಾಂಬಿಯಿಂದ ತರಕಾರಿ ಸಾಗಿಸುವ ಒಂದು ಹಳೆಯ ಲಾರಿಯು ತಿಂಗಳಲ್ಲಿ ಐದು ಸಲ ನಿಂತಿತೆಂದು ಇಟ್ಟುಕೊಳ್ಳೋಣ. ಐದು ಸಲವೂ ಬೆಳಗಿನ ಹೊತ್ತು. ಐದು ಸಲವೂ ಇಂಜಿನು ಚುರುಕಾಗಿ ತಿರುಗಿತು, ಹೊಗೆಯಿಲ್ಲ. ಬ್ಯಾಟರಿಯ ಮಾತೇ ಇಲ್ಲಿ ಬಾರದು. ನಾಲ್ಕು ಸಲ ಟ್ಯಾಂಕು ಕಾಲುಭಾಗ ಮಾತ್ರವಿತ್ತು, ಒಂದು ಸಲ ಅರ್ಧವಿತ್ತು. ಆ ಒಂದು ಸಲ ಲಾರಿಯನ್ನು ಮುಂಭಾಗ ಎತ್ತರವಾಗಿ ಇಳಿಜಾರಿನಲ್ಲಿ ನಿಲ್ಲಿಸಲಾಗಿತ್ತು. ಟ್ಯಾಂಕು ತುಂಬಿದ ದಿವಸಗಳಲ್ಲಿ ಒಮ್ಮೆಯೂ ತೊಂದರೆಯಿಲ್ಲ. ಹೀಗೆ ಬರೆದ ಐದು ಸಾಲುಗಳನ್ನು ಓದಿದವನು ಸ್ಟಾರ್ಟರನ್ನಾಗಲಿ ಬ್ಯಾಟರಿಯನ್ನಾಗಲಿ ಮುಟ್ಟದೆ ನೇರವಾಗಿ ಟ್ಯಾಂಕಿನ ಹೀರುಕೊಳವೆಯನ್ನು ತೆಗೆದು ನೋಡುತ್ತಾನೆ.

ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಾಯಿಸಬೇಕೆಂಬುದನ್ನೂ ಇಲ್ಲಿ ಹೇಳಬೇಕು. ಬ್ಯಾಟರಿ, ಫಿಲ್ಟರು, ಸ್ವಿಚ್ಚು ಮೂರನ್ನೂ ಒಟ್ಟಿಗೆ ಹಾಕಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಮೂರರ ಹಣವೂ ತೆರಬೇಕಾಗುತ್ತದೆ.

ಮಾಡಕೂಡದ ಕೆಲಸಗಳು

ಲಾರಿಯ ಅಡಿಯಲ್ಲಿ ಮಲಗಿ ಸ್ಟಾರ್ಟರಿನ ಎರಡು ಬೋಲ್ಟುಗಳನ್ನು ಸ್ಕ್ರೂಡ್ರೈವರಿನಿಂದ ಕೂಡಿಸಿ ಚಾಲೂ ಮಾಡುವ ಅಭ್ಯಾಸವು ಬಹಳ ಅಪಾಯಕರ. ಗೇರಿನಲ್ಲಿದ್ದರೆ ಲಾರಿಯು ಮಲಗಿದವನ ಮೇಲೆಯೇ ಹೋಗುತ್ತದೆ. ಬ್ಯಾಟರಿಯು ಚಾರ್ಜು ಆಗುವಾಗ ಜಲಜನಕ ಅನಿಲವನ್ನು ಬಿಡುತ್ತದೆ. ಅದರ ಬಳಿ ಬೀಡಿ ಹಚ್ಚುವುದಾಗಲಿ, ಬೆಂಕಿಕಡ್ಡಿಯ ಬೆಳಕಿನಲ್ಲಿ ದ್ರಾವಣವನ್ನು ನೋಡುವುದಾಗಲಿ ಕೂಡದು. ಬಿಗಿಗಳನ್ನು ಬಿಚ್ಚುವಾಗ ಋಣವನ್ನು ಮೊದಲು, ಹಾಕುವಾಗ ಕೊನೆಗೆ. ಸ್ಟಾರ್ಟರನ್ನು ಒಂದೇ ಸಮನೆ ಹದಿನೈದು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ಎರಡು ಪ್ರಯತ್ನಗಳ ನಡುವೆ ಒಂದೆರಡು ನಿಮಿಷ ಬಿಡಬೇಕು.

ಹೊರಡದ ಲಾರಿಯನ್ನು ಪ್ರತಿರಾತ್ರಿಯೂ ಇಳಿಜಾರಿನಲ್ಲಿ ನಿಲ್ಲಿಸಿ ಬೆಳಿಗ್ಗೆ ಉರುಳಿಸಿ ಚಾಲೂ ಮಾಡುವವರು ರೋಗವನ್ನು ಮುಚ್ಚಿಡುತ್ತಾರೆ. ಸರಕು ತುಂಬಿದ ಲಾರಿಯನ್ನು ಘಟ್ಟದಲ್ಲಿ ಹೀಗೆ ಉರುಳಿಸುವುದಂತೂ ಸರ್ವಥಾ ಕೂಡದು. ಇಂಜಿನು ಆರಿರುವಾಗ ಬ್ರೇಕಿಗೆ ಸಹಾಯ ಕೊಡುವ ಗಾಳಿಯ ಬಲವು ಎರಡು ಮೂರು ಸಲ ತುಳಿಯುವುದರೊಳಗೆ ತೀರಿಹೋಗುತ್ತದೆ.

ಕಾಡಿನ ದಾರಿಯಲ್ಲಿ

ದೋಷವು ಪೂರ್ತಿಯಾಗಿ ಗುಣವಾಗುವವರೆಗೆ ಅಂಥ ಲಾರಿಯನ್ನು ಮದ್ದೂರು ತಪಾಸಣೆ ಕಟ್ಟೆಯಿಂದ ಮೂಲೆಹೊಳೆಯವರೆಗಾಗಲಿ, ಪುಣಜನೂರಿನಿಂದ ಮುಂದಕ್ಕಾಗಲಿ, ಇಂಜಿನನ್ನು ಆರಿಸದೆ ಒಂದೇ ಓಟದಲ್ಲಿ ದಾಟಿಸಬೇಕು. ಚಹ, ಊಟ, ಗಾಲಿಯ ಪರೀಕ್ಷೆಗಳನ್ನೆಲ್ಲ ಕಟ್ಟೆಗೆ ಮುಂಚೆಯೇ ಮುಗಿಸಿಕೊಳ್ಳಬೇಕು. ಹೊರಡುವಾಗ ಟ್ಯಾಂಕು ಅರ್ಧಕ್ಕಿಂತ ಕೆಳಗಿರಕೂಡದು. ಕಟ್ಟೆಯು ಮುಚ್ಚುವ ವೇಳೆಗೆ ಎರಡು ಗಂಟೆಯಾದರೂ ಉಳಿದಿರದಿದ್ದರೆ ಆ ಸರಕನ್ನು ಬೇರೆ ವಾಹನಕ್ಕೆ ಬದಲಿಸುವುದೇ ಮೇಲು. ಕಾಡಿನ ನಡುವೆ ನಿಂತುಹೋದರೆ ಚಾಲಕನೂ ಕ್ಲೀನರನೂ ಕೆಳಗಿಳಿದು ಅಡ್ಡಾಡದೆ, ತರಕಾರಿಯ ವಾಸನೆಗೆ ಆನೆಯು ಬರಬಹುದೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಎಚ್ಚರಿಕೆಯ ದೀಪಗಳನ್ನು ಹಚ್ಚಿ ಒಳಗೇ ಕುಳಿತು, ಬರುವ ವಾಹನಗಳ ಮೂಲಕ ತಪಾಸಣೆ ಕಟ್ಟೆಗೆ ಸುದ್ದಿ ಕಳುಹಿಸಬೇಕು. ಸುತ್ತಲೂ ನೋಡಿ ನಿರ್ಭಯವೆಂದು ಕಂಡಾಗ ಮಾತ್ರ, ಒಬ್ಬನು ಕಾವಲಿರುವಂತೆ, ಸ್ಟಾಪ್ ಕೈ, ಬ್ಯಾಟರಿಯ ಬಿಗಿ, ಕೈಪಂಪು ಈ ಮೂರನ್ನು ಪರೀಕ್ಷಿಸಬಹುದು. ಇವು ಮೂರಕ್ಕೂ ಸೇರಿ ಐದು ನಿಮಿಷ ಸಾಕು.

ಇದಕ್ಕಾಗಿ ಲಾರಿಯಲ್ಲಿ ಯಾವಾಗಲೂ ಇರತಕ್ಕ ಸಾಮಾನುಗಳು: ಬಿಗಿಗೂ ತಿರುಪಿಗೂ ಹೊಂದುವ ಸ್ಪ್ಯಾನರುಗಳು, ಉಜ್ಜಲು ಒಂದು ತುಂಡು ಮರಳುಕಾಗದ, ಸೇರುವೆಗಳ ತಾಮ್ರದ ವಾಷರುಗಳು ನಾಲ್ಕು, ಒಂದು ಮಾರು ಡೀಸೆಲ್ ಕೊಳವೆ ಮತ್ತು ಅದರ ಕ್ಲಿಪ್ಪುಗಳು, ಒಂದು ಫಿಲ್ಟರು, ತಂತಿ ಸಹಿತವಾದ ಒಂದು ಬಲ್ಬು, ಬ್ಯಾಟರಿದೀಪ, ಗಾಲಿಗೆ ಕೊಡುವ ಎರಡು ಮರದ ಬೆಣೆ, ಮತ್ತು ಮೇಲೆ ಹೇಳಿದ ಪುಸ್ತಕ. ಬೆಣೆಗಳ ಹೊರತು ಉಳಿದದ್ದೆಲ್ಲವೂ ಚಾಲಕನ ಪೀಠದ ಅಡಿಯಲ್ಲಿ ಒಂದು ಸಣ್ಣ ಗೋಣಿಚೀಲದಲ್ಲಿ ಹಿಡಿಯುತ್ತದೆ.